ಇಲ್ಲಿಲ್ಲದ ಅಣ್ಣಯ್ಯಪ್ಪ

ಪಾಸ್‌ಪೋರ್ಟನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಮೂರು ಸಲ ಮಗುಚಿ ನೋಡಿದ ಮೇಲೆ ಹಯಗ್ರೀವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾ, ಇವರು ಇಂಡಿಯಾದಲ್ಲೇ ಇಲ್ಲವಲ್ಲ!" ಅಂದರು.

ಮುನಿಲಕ್ಷ್ಮಮ್ಮ ಪಕ್ಕಕ್ಕೆ ತಿರುಗಿ ನೋಡಿದಳು. ಅಣ್ಣ ಇದ್ದಾನೆ. ಅದೇ ಬೆಂಚಿನ ಮೇಲೆ, ಅವಳ ಮೊಣಕೈಗೆ ಮೊಣಕೈ ತಗಲುವ ಹಾಗೆ, ಬಿಳಿ ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ತೊಡೆಯ ಮೇಲೆ ಕೊಡೆ ಇಟ್ಟುಕೊಂಡು ಕೂತಿದ್ದಾನೆ. ಬೆಳಿಗ್ಗೆ ಅವಳೇ ಕದಡಿಕೊಟ್ಟ ಅಂಬಲಿ ಕುಡಿದು, ನಂಗವಳ್ಳಿಯಲ್ಲಿ ಅವಳ ಜೊತೆಗೇ ಬಸ್ಸು ಹತ್ತಿ ಸೇಲಂಗೆ ಬಂದಿಳಿದಿದ್ದಾನೆ. ಇವನು ಇಂಡಿಯಾದಲ್ಲಿ ಇಲ್ಲವಂತೆ! ಅವಳಿಗೆ ನಗು ತಡೆಯಲಾಗಲಿಲ್ಲ.

"ಏನ್ ಸಾಮಿ, ನನ್ ಕಣ್ಣಿಗೇ ಪೊರೆ ಬಂದೈತೆ ಅಂದ್ಕೊಂಡಿದ್ದೆ. ನಿಮ್ಗೂ ಅಂಗೇ ಆಗೈತಾ? ಇಲ್ಲೇ ಕುಂತವ್ನಲ್ಲ, ಮುಟ್ಟಿ ನೋಡಿ ಬೇಕಾದ್ರೆ."

ಹಯಗ್ರೀವ ನಗಲಿಲ್ಲ. ಮೂವತ್ತು ವರ್ಷ ಆ ಪೊಲೀಸ್ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, ವಿದೇಶದವರ ಕಾಗದಪತ್ರಗಳ ಮೇಜಿಗೇ ಅಂಟಿಕೊಂಡವರು ಅವರು. ಸೇಲಂನವರೇ ಆದರೂ ಮನೆಮಾತು ಕನ್ನಡ. ಅಣ್ಣ ತಂಗಿ ಇಬ್ಬರೂ ಹೊರಗಿನ ಪಡಸಾಲೆಯಲ್ಲಿ ಯಾವ ಬಾಗಿಲಿಗೆ ಹೋಗಬೇಕು ಅಂತ ಕನ್ನಡದಲ್ಲಿ ಜಗಳವಾಡುತ್ತಿದ್ದದ್ದು ಕೇಳಿಸಿ, ತಾವೇ ಎದ್ದು ಬಂದು ಒಳಗೆ ಕರೆದಿದ್ದರು. ಕಾಫಿ ಬೇಕಾ ಅಂತಲೂ ಕೇಳಿದ್ದರು. ಅಂಥ ಮನುಷ್ಯನ ಮುಖ ಈಗ ಸುಣ್ಣದ ಗೋಡೆಯ ಹಾಗಾಗಿತ್ತು.

"ನಾನು ತಮಾಷೆ ಮಾಡ್ತಿಲ್ಲಮ್ಮ, ಕಾಗದದಲ್ಲಿ ಇರೋದನ್ನ ಹೇಳ್ತಿದೀನಿ. ನಿಮ್ಮಣ್ಣ ಜುಲೈ ಹದಿನಾರಕ್ಕೆ ಮದ್ರಾಸಲ್ಲಿ ಇಳಿದ್ರು, ಅದಕ್ಕೆ ಮುದ್ರೆ ಇದೆ. ಸೆಪ್ಟೆಂಬರ್ ಹನ್ನೊಂದಕ್ಕೆ ಇಂಡಿಯಾ ಬಿಟ್ಟು ನೇಪಾಳಕ್ಕೆ ಹೋದ್ರು, ಅದಕ್ಕೂ ಮುದ್ರೆ ಇದೆ. ನೇಪಾಳದೋರು ಒಳಗೆ ಬಿಟ್ಕೊಂಡಿದ್ದಕ್ಕೂ ಇದೆ. ಆಮೇಲೆ ಬರೀ ಖಾಲಿ ಹಾಳೆ. ಇವತ್ತು ಅಕ್ಟೋಬರ್ ಮೂರು. ಈ ಕಾಗದದ ಪ್ರಕಾರ ಇವರು ಇನ್ನೂ ನೇಪಾಳದಲ್ಲೇ ಇದ್ದಾರೆ."

ಮುನಿಲಕ್ಷ್ಮಮ್ಮನ ನಗು ಹಾಗೇ ಬಾಯಲ್ಲಿ ನಿಂತುಹೋಯಿತು. ಖಾಲಿ ಹಾಳೆ ಅಂದದ್ದು ಅವಳಿಗೆ ಅರ್ಥವಾಯಿತು. ಎಷ್ಟು ಚೆನ್ನಾಗಿ ಅರ್ಥವಾಯಿತು ಅಂದರೆ, ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಂಗವಳ್ಳಿಯಿಂದ ಒಳಕ್ಕೆ ನಾಲ್ಕು ಮೈಲಿ ಹೋದರೆ ಇವರ ಊರು. ಕಲ್ಲು ನೆಲ, ಕುರಿ ಸಾಕುವ ಜನ. ಅಪ್ಪ ನಾರಪ್ಪನಿಗೆ ಇಬ್ಬರೇ ಮಕ್ಕಳು. ಹುಡುಗ ಅಣ್ಣಯ್ಯಪ್ಪನಿಗೆ ಹನ್ನೊಂದು, ಹುಡುಗಿಗೆ ಐದು ಇರುವಾಗ, ಮಲೇಯದ ರಬ್ಬರ್ ತೋಟಕ್ಕೆ ಹೊರಟ ಚಿಕ್ಕಪ್ಪ ಹುಡುಗನನ್ನೂ ಕರೆದುಕೊಂಡು ಹೋದ. ಕುರಿ ಹಿಂದೆ ಹೋಗುವಾಗಲೆಲ್ಲ ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದ ಹುಡುಗ ಅವನು. ಹೋಗುವಾಗ "ದೀವಳಿಗೆಗೆ ಬತ್ತೀನಿ ಮುನಿ" ಅಂದು ಹೋದ. ಬಂದದ್ದು ಐವತ್ತೆಂಟು ವರ್ಷದ ಮೇಲೆ. ಅಷ್ಟರಲ್ಲಿ ಅಪ್ಪ ಅಮ್ಮ ಮಣ್ಣಾಗಿ, ಮುನಿಲಕ್ಷ್ಮಮ್ಮ ಅದೇ ಊರಲ್ಲಿ ಮದುವೆಯಾಗಿ, ಗಂಡನನ್ನು ಕಳಕೊಂಡು, ಮೊಮ್ಮಕ್ಕಳನ್ನೂ ಕಂಡಿದ್ದಳು. ಮೂರು ನಾಲ್ಕು ವರ್ಷಕ್ಕೊಮ್ಮೆ ತಮಿಳಲ್ಲಿ ಒಂದು ಕಾಗದ ಬರುತ್ತಿತ್ತು. ಅಣ್ಣ ಅಂದರೆ ಆ ಕಾಗದ, ಅಷ್ಟೇ.

ತವರು ಇಲ್ಲದ ಹೆಂಗಸಿನ ಪಾಡು ಏನು ಅಂತ ತವರು ಇರುವವರಿಗೆ ಹೇಳಿದರೆ ತಿಳಿಯುವುದಿಲ್ಲ. ಅವಳ ಓರಗಿತ್ತಿ ಕಣ್ಣಮ್ಮನಿಗೆ ನಾಲ್ವರು ಅಣ್ಣತಮ್ಮಂದಿರು. ಹಬ್ಬ ಬಂತೆಂದರೆ ಒಬ್ಬನಲ್ಲ ಒಬ್ಬ ಸೀರೆ, ಬೆಲ್ಲ, ಅಕ್ಕಿ ತಂದು ಇಳಿಸುವನು. ಕಣ್ಣಮ್ಮ ಆ ಗಂಟನ್ನು ಜಗಲಿಯ ಮೇಲೇ ಬಿಚ್ಚಿ, "ನಿಮ್ ಕಡೆಯಿಂದ ಯಾರೂ ಬರ್ನಿಲ್ವಾ ಅಕ್ಕಯ್ಯ?" ಅಂತ ಕೇಳುವಳು. ಯಾರೂ ಬರುವುದಿಲ್ಲ ಅಂತ ಗೊತ್ತಿದ್ದೂ ಕೇಳುವಳು, ಮನೆಹಾಳಿ. ನಲವತ್ತು ವರ್ಷ ಕೇಳಿದಳು. ಮುನಿಲಕ್ಷ್ಮಮ್ಮ ನಲವತ್ತು ವರ್ಷವೂ ಒಂದೇ ಉತ್ತರ ಕೊಟ್ಟಳು: "ನಮ್ಮಣ್ಣ ಅವ್ನೆ. ಬತ್ತಾನೆ."

ಬಂದ. ಹೆಂಡತಿ ತೀರಿಕೊಂಡು, ಮಕ್ಕಳು ತಮ್ಮ ತಮ್ಮ ಸಂಸಾರ ನೋಡಿಕೊಂಡ ಮೇಲೆ, ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಬಂದ. ಅವಳ ಮಗ ಶಿವರಾಮ, ಸರ್ಕಾರಿ ಬಸ್ಸಿನ ಕಂಡಕ್ಟರು, ಮದ್ರಾಸಿಗೆ ಹೋಗಿ ಕರೆದುಕೊಂಡು ಬಂದ. ಮೊದಲ ವಾರ ಊರವರೆಲ್ಲ ನೋಡಲು ಬಂದರು. ಎರಡನೆಯ ವಾರ ಅಣ್ಣಯ್ಯಪ್ಪ ಬೂಟು ಹಾಕಿಕೊಂಡೇ ಕುರಿ ಹೊಡೆದುಕೊಂಡು ಹೊರಟ. ಮೂರನೆಯ ವಾರ ಬೂಟು ಬಿಟ್ಟ. ಒಂದು ದಿನ ಸಂಜೆ ಮುದ್ದೆ ಮುರಿಯುತ್ತಾ, "ಇನ್ನೆಲ್ಲಿಗೆ ಓಗ್ಲಿ ಮುನಿ, ಇಲ್ಲೇ ಇದ್ಬಿಡ್ತೀನಿ" ಅಂದ. ಅವಳು ಎದ್ದುಹೋಗಿ ಈರುಳ್ಳಿ ತುಂಬಿದ್ದ ಕೋಣೆಯನ್ನು ಆ ಗಳಿಗೆಯೇ ಖಾಲಿ ಮಾಡತೊಡಗಿದಳು. ಸುಖಕ್ಕೆ ಅಳು ಬರುತ್ತಿತ್ತು, ಈರುಳ್ಳಿಯ ಮೇಲೆ ಹಾಕಿದಳು.

ಇರಬೇಕು ಅಂದರೆ ಸರ್ಕಾರದ ಒಪ್ಪಿಗೆ ಬೇಕು. ವೀಸಾ ಇರುವುದು ಮೂರೇ ತಿಂಗಳಿಗೆ. ಅದು ಮುಗಿಯುವುದಕ್ಕೆ ಮುಂಚೆ ಸೇಲಂನ ಆಫೀಸಲ್ಲಿ ಅರ್ಜಿ ಕೊಟ್ಟರೆ ಆರು ತಿಂಗಳು ಹೆಚ್ಚಿಸುತ್ತಾರೆ, ಆಮೇಲೆ ಇನ್ನೂ ಆರು, ಹಾಗೇ ನೋಡಿಕೊಳ್ಳಬಹುದು ಅಂತ ಶಿವರಾಮ ವಿಚಾರಿಸಿಕೊಂಡು ಬಂದಿದ್ದ. ಪಾಸ್‌ಪೋರ್ಟನ್ನು ಒಮ್ಮೆ ಓದಿಯೂ ನೋಡಿದ್ದ. ವೀಸಾದಲ್ಲಿ 'ಸಿಂಗಲ್ ಎಂಟ್ರಿ' ಅಂತ ಬರೆದಿರುವುದು ಅವನೇ ಓದಿ ಹೇಳಿದ್ದು. ಅದೇನು ಅಂತ ತಾಯಿ ಕೇಳಿದ್ದಕ್ಕೆ ನಕ್ಕು, "ಮಾವ ಒಬ್ರೇ ಬಂದವ್ರಲ್ಲಮ್ಮ, ಅದ್ಕೆ ಸಿಂಗಲ್. ಅತ್ತೆನೂ ಬದುಕಿದ್ದು ಜತೆಗ್ ಬಂದಿದ್ರೆ ಡಬಲ್ ಹಾಕಿರೋರು" ಅಂದ. ಇಪ್ಪತ್ತು ವರ್ಷ ಟಿಕೆಟ್ ಹರಿದ ಕಂಡಕ್ಟರನ ಮಾತು. ಅಲ್ಲ ಅನ್ನುವುದಕ್ಕೆ ಆ ಮನೆಯಲ್ಲಿ ಯಾರಿದ್ದರು?

ಆಗ ಪಾಲಕೋಡಿನ ಮುನುಸ್ವಾಮಿಯ ಕಾಶಿ ಬಸ್ಸು ಹೊರಟಿತು. ಕಾಶಿ, ಗಯೆ, ಅಯೋಧ್ಯೆ, ಕೊನೆಗೆ ನೇಪಾಳದ ಪಶುಪತಿ. ನಲವತ್ತು ಜನ, ಇಬ್ಬರು ಅಡುಗೆಯವರು, ಬಸ್ಸಿನ ತಲೆಯ ಮೇಲೆ ಅಕ್ಕಿ ಮೂಟೆ, ಹುಣಸೆಹಣ್ಣು, ಗ್ಯಾಸು. ಅಣ್ಣ ಬಂದರೆ ಅವನ ಜೊತೆ ಗಂಗೆಯಲ್ಲಿ ಮುಳುಗಿ ಪಶುಪತಿಗೆ ಕೈಮುಗಿದು ಬರುತ್ತೇನೆ ಅಂತ ಮುನಿಲಕ್ಷ್ಮಮ್ಮ ಯಾವ ಕಾಲದಲ್ಲೋ ಹರಕೆ ಹೊತ್ತಿದ್ದಳು. ಹೊರಟರು. ನೇಪಾಳ ಅಂದರೆ ಬೇರೆ ರಾಜ ಆಳುವ ಜಾಗ ಅಂತ ಬಸ್ಸಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಆದರೆ ಅವರ ಬಾಯಲ್ಲಿ ಎಲ್ಲವೂ ಸೀಮೆಯೇ. ಪಾಲಕೋಡ್ ಸೀಮೆ, ಮೈಸೂರು ಸೀಮೆ, ಕಾಶಿ ಸೀಮೆ, ಪಶುಪತಿ ಸೀಮೆ. ಕುರಿ ಹೊಡೆದುಕೊಂಡು ಸೀಮೆಯಿಂದ ಸೀಮೆಗೆ ದಾಟಿಯೇ ತಾತಮುತ್ತಾತಂದಿರು ಬದುಕಿದ್ದು. ಯಾರೂ ಯಾರನ್ನೂ ಕೇಳಿ ದಾಟಿದ್ದಲ್ಲ.

ಕೇಳಿದವನು ಅಣ್ಣಯ್ಯಪ್ಪ ಒಬ್ಬನೇ. ಹೋಗುವಾಗ ಗಡಿಯಲ್ಲಿ ಬೋರ್ಡು ನೋಡಿ ತಾನೇ ಬಸ್ಸು ನಿಲ್ಲಿಸಿದ. "ನಾನು ಬ್ಯಾರೆ ದೇಸದ ಬುಕ್ಕು ಇಟ್ಕೊಂಡಿರೋನು, ಕೇಳ್ಬಿಟ್ಟೇ ಓಗ್ಬೇಕು" ಅಂತ ಇಳಿದು, ಈಚೆಯ ಕಚೇರಿಯಲ್ಲೊಂದು ಆಚೆಯ ಕಚೇರಿಯಲ್ಲೊಂದು ಮುದ್ರೆ ಹಾಕಿಸಿಕೊಂಡು ಬಂದ. ಒಂದು ಗಂಟೆ ಹೊತ್ತು ಬಸ್ಸಿನಲ್ಲಿದ್ದವರೆಲ್ಲ ಗೊಣಗಿದರು. ದೊರೆಗಳ ತೋಟದಲ್ಲಿ ಕೆಲಸ ಮಾಡಿದ ಮನುಷ್ಯ, ಅಂಗೇ ಇರ್ತಾನೆ, ಅಂತ ಯಾರೋ ಚುಡಾಯಿಸಿದರು.

ಬರುವಾಗ ಮಟಮಟ ಮಧ್ಯಾಹ್ನ. ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡು ಆಗ ತಾನೇ ಬಿಡಿಸಿಕೊಂಡಿತ್ತು. ದಾಟಿದ ಮೇಲೆ ಮರದಡಿ ನಿಲ್ಲಿಸಿ ಪೊಂಗಲ್ ಬಡಿಸುತ್ತೇವೆ ಅಂತ ಅಡುಗೆಯವರು ಹೇಳಿದ್ದರು. ಅಣ್ಣಯ್ಯಪ್ಪ ಮತ್ತೆ ಇಳಿದ. ಕಚೇರಿಯ ಮುಂದೆ ಬೆನ್ನಿಗೆ ಮೂಟೆ ಕಟ್ಟಿಕೊಂಡ ಬಿಳಿಯರ ದೊಡ್ಡ ಸಾಲು. ಇವನೂ ಹೋಗಿ ಕೊನೆಯಲ್ಲಿ ನಿಂತ. ಡ್ರೈವರು ಹಾರನ್ ಹೊಡೆದ. ಇನ್ನೊಂದು ಸಲ ಹೊಡೆದ. ಮುನಿಲಕ್ಷ್ಮಮ್ಮನಿಗೆ ರೇಗಿತು. ಧಡಧಡ ಇಳಿದುಹೋಗಿ ಅಣ್ಣನ ಮಣಿಕಟ್ಟು ಹಿಡಿದುಕೊಂಡಳು.

"ನಮ್ ಸೀಮೆಗೆ ನಾವ್ ಓಗಕ್ಕೆ ಯಾರ್ನ ಕೇಳ್ಬೇಕಣ್ಣಾ? ನೀನ್ ಉಟ್ಟಿದ್ದು ಇಲ್ಲೇ ಅಲ್ವಾ? ಬಾ, ಅತ್ತು!"

ಅವನು ಎರಡು ಸಲ ಕಚೇರಿಯ ಕಡೆ ತಿರುಗಿ ನೋಡಿದ. ಆಮೇಲೆ ಐದು ವರ್ಷದ ಆ ಹುಡುಗಿ ಹಟ ಮಾಡಿದಾಗ ಬರುತ್ತಿದ್ದವನ ಹಾಗೆ ನಗುತ್ತಾ ಬಂದ. ಅವಳು ಕೈ ಬಿಡದೆ ಎಳೆದುಕೊಂಡು ಬಂದು ಬಸ್ಸು ಹತ್ತಿಸಿದಳು. ಬಸ್ಸಿನಲ್ಲಿದ್ದವರು ಚಪ್ಪಾಳೆ ಹೊಡೆದರು. ಪೊಂಗಲ್ ಬಿಸಿಯಾಗಿತ್ತು.

ತೊಪ್ಪೂರು ಘಾಟಿ ಇಳಿದು ಬಂದವರು ಊರಿಗೆ ಮಾತ್ರ ಹಾಗೆ ನುಗ್ಗಲಿಲ್ಲ. ಕಾಶಿಗೆ ಹೋಗಿಬಂದವರು ನೆಟ್ಟಗೆ ಮನೆಗೆ ಬರುವ ಹಾಗಿಲ್ಲ. ಅವತ್ತು ಮಂಗಳವಾರ ಬೇರೆ. ಊರಾಚೆಯ ಮುನೀಶ್ವರನ ಮರದ ಕೆಳಗೆ ಒಂದು ದಿನ ತಂಗಿ, ಮಾರನೆಯ ದಿನ ತಮಟೆ ಬಂದು, ಆರತಿ ಬಂದು, ಹೆಂಗಸರು ಕಾಲು ತೊಳೆದು, ಪೂಜಾರಿ 'ಬರಬಹುದು' ಅಂದ ಮೇಲೆ ಗಂಗೆಯ ಚೊಂಬು ಹೊತ್ತು ಒಳಗೆ ಬಂದರು. ಅವತ್ತೇ ಅಣ್ಣಯ್ಯಪ್ಪ ಇಡೀ ಊರಿನ ಎದುರಿಗೆ ತಂಗಿಗೆ ಕಾಶಿಯಿಂದ ತಂದ ಸೀರೆ ಕೊಟ್ಟು ಮಡಿಲಕ್ಕಿ ತುಂಬಿದ. ಅರವತ್ತಮೂರು ವರ್ಷದ ಮುದುಕಿಗೆ, ಹುಟ್ಟಿದಾಗಿನಿಂದ ಮೊದಲನೆಯ ಸಲ, ತವರಿನ ಅಕ್ಕಿ. ಕಣ್ಣಮ್ಮ ಆರತಿತಟ್ಟೆ ಹಿಡಿದುಕೊಂಡು ನೋಡುತ್ತಾ ನಿಂತಿದ್ದಳು. ಮುನಿಲಕ್ಷ್ಮಮ್ಮ ಅವಳ ಕಡೆ ಒಂದೇ ಸಲ ನೋಡಿದಳು, ಸಾಕಾಯಿತು. ಊರೊಳಕ್ಕೆ ಬರುವುದಕ್ಕೆ ಇಷ್ಟು ಕಟ್ಟಳೆ ನಡೆಸಿದ ಜನ, ದೇಶದೊಳಕ್ಕೆ ಮಾತ್ರ ಪೊಂಗಲ್ ಆರುತ್ತದೆ ಅಂತ ನುಗ್ಗಿಬಿಟ್ಟಿದ್ದರು.

ಗಡಿಯಲ್ಲಿ ಅಣ್ಣನನ್ನು ಎಳೆದ ಆ ಬಲಗೈಯನ್ನೇ ಅವಳು ಈಗ ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದು.

"ಸಾಮಿ, ಬರೋವಾಗ ಮುದ್ರೆ ಆಕ್ಸಕ್ಕೆ ಓಗಿದ್ದ. ನಾನೇ..." ಅಂದಳು. "ಈಗ ಆಕ್ಸಿದ್ರೆ ಆಗಲ್ವಾ? ನೀವೇ ಒಂದು ಆಕ್ಬಿಡಿ. ನಿಮ್ಮತ್ರ ಅಷ್ಟೊಂದು ಮುದ್ರೆ ಐತಲ್ಲ."

"ಅವತ್ತು ನಿಂತಿದ್ರೂ ಹಾಕ್ತಿರಲಿಲ್ಲಮ್ಮ. ನೇಪಾಳದಲ್ಲೇ ನಿಲ್ಲಿಸಿ, ಬೇರೆ ವೀಸಾ ತಗೊಂಡು ಬನ್ನಿ ಅಂತಿದ್ರು. ಅದು ಸಿಂಗಲ್ ಎಂಟ್ರಿ."

"ಒಬ್ನೇ ತಾನೇ ಬಂದಿದ್ದು?"

ಹಯಗ್ರೀವ ಹಣೆ ಒತ್ತಿಕೊಂಡರು. "ಒಬ್ಬರು ಅಂತಲ್ಲಮ್ಮ. ಒಂದೇ ಸಲ ಅಂತ. ಒಂದು ಸಲ ಒಳಗೆ ಬರಬಹುದು. ಹೊರಗೆ ಕಾಲಿಟ್ರೆ ಮುಗೀತು. ವೀಸಾ ಮೂರು ತಿಂಗಳಲ್ಲ ಮೂರು ವರ್ಷ ಇದ್ರೂ ಅದು ಸತ್ತಂಗೆ. ಇವರು ಟೂರಿಸ್ಟ್ ಆಗಿ ವೀಸಾ ಇಲ್ಲದೆ ಒಳಗೆ ಬಂದಿದ್ದಾರೆ."

"ಟೂರಿಸ್ಟ್ ಬಸ್ಸಲ್ಲೇ ಬಂದಿದ್ದು ಸಾಮಿ. ಪೂರಾ ಟಿಕೆಟ್ಟು ತಗೊಂಡೇ ಬಂದಿದ್ದು."

"ಮುನಿ, ಸುಮ್ನಿರು" ಅಂದ ಅಣ್ಣಯ್ಯಪ್ಪ. ಇಷ್ಟು ಹೊತ್ತಿಗೆ ಅವನು ಮಾತಾಡಿದ್ದು ಅದೊಂದೇ. ಕೊಡೆಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಿದ್ದ. ಜೀವಮಾನವೆಲ್ಲ ಸಾಲಲ್ಲಿ ನಿಂತು, ಹೆಸರು ಕೂಗಿದಾಗ 'ಸಾರ್' ಅಂದು, ಒಂದು ತಪ್ಪೂ ಬೀಳದ ಹಾಗೆ ಬದುಕಿದ ಮನುಷ್ಯ ಅವನು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಹುಟ್ಟಿದ ಸೀಮೆಯಲ್ಲಿ ಕಳ್ಳನಾಗಿದ್ದ.

"ಏನ್ ಮಾಡ್ತಾರೆ ಸಾರ್ ನನ್ನ?"

ಹಯಗ್ರೀವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಕೇಸು ಆಗುತ್ತದೆ ಅಂದರು. ಜೈಲು ಆಗಲೂಬಹುದು, ವಯಸ್ಸು ನೋಡಿ ಬಿಟ್ಟರೂ ದೇಶದಿಂದ ಹೊರಗೆ ಕಳಿಸಿ, ಇನ್ನು ಮುಂದೆ ಒಳಗೆ ಬಿಡಬಾರದವರ ಪಟ್ಟಿಯಲ್ಲಿ ಹೆಸರು ಸೇರಿಸುತ್ತಾರೆ. ಸೇರಿಸಿದರೆ ಮತ್ತೆ ತೆಗೆಯುವವರು ಯಾರೂ ಇಲ್ಲ. ಅವರನ್ನು ಮನೆಯಲ್ಲಿ ಇಟ್ಟುಕೊಂಡವರನ್ನೂ ಕೇಳುತ್ತಾರೆ.

"ಇಟ್ಕೊಂಡೋರನ್ನೂನಾ?" ಅಣ್ಣಯ್ಯಪ್ಪ ತಟ್ಟನೆ ತಲೆಯೆತ್ತಿದ. "ಅಳಿಯ ಸರ್ಕಾರಿ ಬಸ್ಸಲ್ಲಿ ಅವ್ನೆ ಸಾರ್. ಕಂಡಕ್ಟರು."

"ಅವರನ್ನೂ."

ಮುನಿಲಕ್ಷ್ಮಮ್ಮ ಸುತ್ತಲೂ ನೋಡಿದಳು. ಮೇಲೆ ಫ್ಯಾನು ತಿರುಗುತ್ತಿತ್ತು, ಪಕ್ಕದ ಕೋಣೆಯಲ್ಲಿ ಟೈಪು ಹೊಡೆಯುತ್ತಿದ್ದರು, ಹೊರಗೆ ಯಾರೋ ಕಡಲೆಕಾಯಿ ಮಾರುತ್ತಿದ್ದರು. ಎಲ್ಲವೂ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಅವಳ ಅಣ್ಣ ಮಾತ್ರ ಇರಲಿಲ್ಲ. ಸಾಲಿನಿಂದ ಎಳೆದದ್ದು ಅವಳು. ಅವನು ತಿರುಗಿ ನೋಡಿದ್ದ, ಎರಡು ಸಲ ನೋಡಿದ್ದ. ಹಾಳಾದ ಪೊಂಗಲ್! ಅಯ್ಯೋ ನನ್ನ ಕೈಗೆ ಬೆಂಕಿ ಬೀಳ, ಅಂತ ಮನಸ್ಸಿನಲ್ಲೇ ಶಪಿಸಿಕೊಂಡಳು.

ಹಯಗ್ರೀವ ಮೇಜಿನ ಮೇಲೆ ತೆರೆದಿದ್ದ ದೊಡ್ಡ ರಿಜಿಸ್ಟರನ್ನು ಮುಚ್ಚಿದರು. ಅರ್ಜಿಯ ಕಾಗದವನ್ನು ಎರಡಾಗಿ ಮಡಿಸಿ ಪಾಸ್‌ಪೋರ್ಟಿನೊಳಗೆ ಇಟ್ಟು ಅಣ್ಣಯ್ಯಪ್ಪನ ಕೈಗೆ ಕೊಟ್ಟರು.

"ಯಜಮಾನ್ರೇ, ನಾನಿನ್ನೂ ಏನೂ ಬರೆದಿಲ್ಲ. ನೀವು ಇಲ್ಲಿಗೆ ಬಂದೇ ಇಲ್ಲ. ನೇಪಾಳದೋರು ನಿಮಗೆ ಒಂದು ತಿಂಗಳು ಕೊಟ್ಟಿದ್ದಾರೆ, ಅದು ಮುಗಿಯೋಕೆ ಇನ್ನೂ ಎಂಟು ದಿನ ಇದೆ. ಸೇಲಂ ಜಂಕ್ಷನ್ ಮೇಲೇ ಗೋರಖಪುರದ ರೈಲು ಹೋಗುತ್ತೆ, ನಾಳೆ ಇದೆ. ಹತ್ತಿಬಿಡಿ. ಹೇಗೆ ಈಚೆಗೆ ಬಂದ್ರೋ ಹಾಗೇ ಆಚೆಗೆ ಹೋಗಿ. ಕಾಠ್ಮಂಡುವಲ್ಲಿ ನಮ್ಮ ದೇಶದ ಆಫೀಸಿದೆ, ಅಲ್ಲಿ ಹೊಸ ವೀಸಾ ಕೇಳಿ. ಕೊಟ್ರೆ ಸರಿಯಾಗಿ ಮುದ್ರೆ ಹಾಕಿಸ್ಕೊಂಡು ಬನ್ನಿ. ಆರು ತಿಂಗಳ ಅರ್ಜಿ ನಾನೇ ಬರ್ಕೊಡ್ತೀನಿ. ಇದು ನಾನು ಹೇಳೋ ಮಾತಲ್ಲ, ಹೇಳಬಾರದು. ಎದ್ದು ಹೋಗಿ. ಇನ್ಸ್‌ಪೆಕ್ಟರ್ ಬರೋ ಹೊತ್ತಾಯ್ತು."

ಮುನಿಲಕ್ಷ್ಮಮ್ಮನಿಗೆ ಉಸಿರು ಬಂದಿತು. ಹೋಗಿಬರಲು ಹೆಚ್ಚೆಂದರೆ ಹದಿನೈದು ದಿನ. ಹದಿನೈದು ದಿನದಲ್ಲಿ ಅಣ್ಣ ವಾಪಸು ಬರುತ್ತಾನೆ. ಐವತ್ತೆಂಟು ವರ್ಷ ಕಾದವಳಿಗೆ ಹದಿನೈದು ದಿನ ಯಾವ ಲೆಕ್ಕ? ರೈಲಿಗೆ ಬುತ್ತಿ ಏನು ಕಟ್ಟಬೇಕು ಅಂತಲೂ ಮನಸ್ಸು ಓಡಿತು. ಪಾಲಕೋಡಿಗೆ ಮದುವೆ ಮಾಡಿಕೊಟ್ಟ ಮೊಮ್ಮಗಳು ರೋಜಾಳ ಕೈಯಲ್ಲಿ ನಿಪ್ಪಟ್ಟು ಮಾಡಿಸಿ ತರಿಸಬೇಕು. ಹಯಗ್ರೀವರಿಗೆ ಕೈ ಮುಗಿದಳು. ಇಬ್ಬರೂ ಎದ್ದರು.

ಬಾಗಿಲಲ್ಲಿ ಇನ್ಸ್‌ಪೆಕ್ಟರ್ ಲಕ್ಷ್ಮಣನ್ ನಿಂತಿದ್ದರು.

ಕೆಟ್ಟ ಮನುಷ್ಯರೇನಲ್ಲ. ಕೈಯಲ್ಲೊಂದು ಕಾಗದ ಹಿಡಿದುಕೊಂಡು ಹಯಗ್ರೀವರನ್ನು ಏನೋ ಕೇಳಲು ಬಂದವರು. ಮುದುಕ ಮುದುಕಿಯರನ್ನು ನೋಡಿ ದಾರಿ ಬಿಟ್ಟು ಪಕ್ಕಕ್ಕೆ ಸರಿದರು ಕೂಡ. ಸರಿಯುವಾಗ ಅಣ್ಣಯ್ಯಪ್ಪನ ಕೈಯಲ್ಲಿದ್ದ ಕೆಂಪು ಪಾಸ್‌ಪೋರ್ಟು ಕಣ್ಣಿಗೆ ಬಿತ್ತು.

"ಯಾರು ಸಾರ್ ಇವಂಗ?" ಇವರು ಯಾರು ಅಂತ ಹಯಗ್ರೀವರನ್ನು ಕೇಳಿದರು.

"ಏನೋ ವಿಚಾರಿಸೋಕೆ ಬಂದಿದ್ರು ಸಾರ್. ಹೇಳಿ ಕಳಿಸಿದೆ" ಅಂತ ಹಯಗ್ರೀವ ತಮಿಳಲ್ಲಿ ಹೇಳಿದರು. ದನಿ ಸ್ವಲ್ಪ ಮೇಲಕ್ಕೆ ಹೋಗಿತ್ತು.

ಇನ್ಸ್‌ಪೆಕ್ಟರು ತಲೆಯಾಡಿಸಿದರು. ಮಾತಿಗೆ ಮಾತು ಅನ್ನುವ ಹಾಗೆ ಅಣ್ಣಯ್ಯಪ್ಪನ ಕಡೆ ತಿರುಗಿ, ಎಲ್ಲಿ ಉಳಿದುಕೊಂಡಿದ್ದೀರಿ ಪೆರಿಯವರೇ, ಇವರು ನಿಮಗೆ ಏನಾಗಬೇಕು, ಅಂತ ಕೇಳಿದರು.

ಅಣ್ಣಯ್ಯಪ್ಪ ತಂಗಿಯ ಕಡೆ ನೋಡಲಿಲ್ಲ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.

"ಇವಂಗ ಎನಕ್ಕು ಯಾರುಂ ಇಲ್ಲೀಂಗ ಸಾರ್" ಅಂದ. ಇವರು ನನಗೆ ಯಾರೂ ಅಲ್ಲ. "ದಾರಿಯಲ್ಲಿ ಸಿಕ್ಕಿದರು. ಆಫೀಸು ತೋರಿಸುವುದಕ್ಕೆ ಬಂದರು. ನಾನು ಲಾಡ್ಜಲ್ಲಿ ಇರುವುದು. ನನಗೆ ಇಲ್ಲಿ ಯಾರೂ ಇಲ್ಲ."

ಎಷ್ಟು ಸಲೀಸಾಗಿ ಹೇಳಿದ! ಒಂದು ತೊದಲೂ ಇಲ್ಲದೆ, ಜೀವಮಾನದಲ್ಲಿ ಸುಳ್ಳಾಡದವನು. ಯಾತಕ್ಕೆ ಹೇಳಿದ ಅಂತ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಶಿವರಾಮನ ಕೆಲಸ ಉಳಿಯಲಿ ಅಂತ, ತಂಗಿಯನ್ನು ಯಾರೂ ಪ್ರಶ್ನೆ ಕೇಳದಿರಲಿ ಅಂತ. ತಲೆಗೆ ಗೊತ್ತಿತ್ತು. ಆದರೆ ಆ ಮಾತು ತಲೆಗೆ ಹೋಗಲಿಲ್ಲ, ನೆಟ್ಟಗೆ ಹೊಟ್ಟೆಯೊಳಕ್ಕೆ ಇಳಿಯಿತು. ಯಾರೂ ಅಲ್ಲ. ಕಣ್ಣಮ್ಮ ಕೂಡ ಬಾಯಿ ಬಿಟ್ಟು ಆಡದ ಮಾತು. ಇಡೀ ಊರಿಗೆ, ನೆಂಟರಿಗೆ, ಸತ್ತ ಗಂಡನಿಗೆ, ದೇವರಿಗೆ, ಎಲ್ಲರಿಗೂ 'ನಮ್ಮಣ್ಣ ಅವ್ನೆ' ಅಂತ ಹೇಳಿಕೊಂಡೇ ಬದುಕಿದ್ದಳಲ್ಲ, ಈಗ ಆ ಅಣ್ಣನೇ ಎದುರಿಗೆ ನಿಂತು ಇಲ್ಲ ಅನ್ನುತ್ತಿದ್ದಾನೆ.

ಇನ್ಸ್‌ಪೆಕ್ಟರು "ಸರಿ, ಸರಿ" ಅಂದು ಒಳಕ್ಕೆ ಹೆಜ್ಜೆ ಇಟ್ಟಿದ್ದರು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಇವರಿಬ್ಬರೂ ಹೊರಗೆ ಹೋಗಿರುತ್ತಿದ್ದರು.

"ಯಾರೂ ಅಲ್ವಾ?" ಅಂದಳು ಮುನಿಲಕ್ಷ್ಮಮ್ಮ. ಟೈಪಿನ ಸದ್ದು ನಿಂತಿತು. "ನಾನು ನಿನ್ಗೆ ಯಾರೂ ಅಲ್ವೇನಣ್ಣಾ? ಒಂದೇ ತಾಯಿ ಒಟ್ಟೇಲಿ ಉಟ್ಟಿ, ನಿನ್ ಸೊಂಟದ ಮ್ಯಾಲೆ ಬೆಳ್ದೋಳು ಕಣೋ ನಾನು! ದಾರೀಲಿ ಸಿಕ್ಕಿದ್ನಾ? ಇಷ್ಟು ವರ್ಷ ಕಾದು, ಕಾಶಿಗ್ ಕರ್ಕೊಂಡೋಗಿ, ನೇಪಾಳಕ್ಕೆ ಕರ್ಕೊಂಡೋಗಿ, ಆ ಗಡೀಲಿ ಕೈ ಇಡ್ದು ಎಳ್ಕೊಂಡು ಬಂದೋಳು ನಾನು! ಯಾರೂ ಅಲ್ಲ ಅಂತೀಯಾ?"

ಹೇಳಿ ಮುಗಿಸಿದ ಮೇಲೆಯೇ ಅವಳಿಗೆ ತಾನು ಏನು ಹೇಳಿದೆ ಅನ್ನುವುದು ಕೇಳಿಸಿದ್ದು.

ಅಣ್ಣಯ್ಯಪ್ಪ ಕಣ್ಣು ಮುಚ್ಚಿಕೊಂಡ. ಹಯಗ್ರೀವ ಕುರ್ಚಿಯ ತೋಳು ಹಿಡಿದುಕೊಂಡರು. ಇನ್ಸ್‌ಪೆಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ನೇಪಾಳಕ್ಕೆ ಎಲ್ಲ ಭಾಷೆಯಲ್ಲೂ ನೇಪಾಳ ಅಂತಲೇ ಹೆಸರು.

"ನೇಪಾಳಮಾ?" ಅಂದರು. ತಿರುಗಿ ಬಂದು, ಬಹಳ ಮರ್ಯಾದೆಯಿಂದಲೇ, ಅಣ್ಣಯ್ಯಪ್ಪನ ಮುಂದೆ ಕೈ ಚಾಚಿದರು. ಅವನು ಪಾಸ್‌ಪೋರ್ಟನ್ನು ಎರಡು ಕೈಯಲ್ಲೂ ಹಿಡಿದು ಕೊಟ್ಟ. ಇನ್ಸ್‌ಪೆಕ್ಟರು ನಿಂತುಕೊಂಡೇ ಹಾಳೆ ತಿರುವಿದರು. ಒಂದು ಮುದ್ರೆ, ಎರಡು ಮುದ್ರೆ, ಮೂರು ಮುದ್ರೆ. ಆಮೇಲೆ ಖಾಲಿ ಹಾಳೆ.

"ಇಲ್ಲ ಸಾಮಿ" ಅಂದಳು ಮುನಿಲಕ್ಷ್ಮಮ್ಮ ತಮಿಳಲ್ಲಿ. "ನಾನು ಅರಳುಮರುಳು ಮುದುಕಿ. ಏನೇನೋ ಒದರ್ತೀನಿ. ಇವರು ಯಾರೋ ನನಗೆ ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕಿದ್ದು. ಅವರು ಹೇಳಿದ್ದೇ ನಿಜ."

ಇನ್ಸ್‌ಪೆಕ್ಟರು ಅವಳಿಗೆ ಕೂತುಕೊಳ್ಳಲು ಹೇಳಿ, ನೀರು ತರಿಸಿದರು. ಹಯಗ್ರೀವರ ಕಡೆ ನೋಡಿ, ಬರೆಯಿರಿ ಅನ್ನುವ ಹಾಗೆ ಗಲ್ಲ ಅಲ್ಲಾಡಿಸಿದರು. ತಾವೇ ಪಕ್ಕದ ಕೋಣೆಗೆ ಹೋಗಿ ಮದ್ರಾಸಿಗೆ ಫೋನು ಹಚ್ಚಿದರು. ಜೋರಾಗಿ ಮಾತಾಡುತ್ತಿದ್ದದ್ದರಿಂದ ಎಲ್ಲವೂ ಕೇಳಿಸುತ್ತಿತ್ತು. ವಯಸ್ಸಾದವರು, ಬೇರೆ ಯಾವ ಉದ್ದೇಶವೂ ಇಲ್ಲ, ಜೈಲು ಬೇಡ ಸಾರ್, ಅಂತ ಅವರೇ ಆ ಕಡೆಯವರಿಗೆ ಹೇಳಿದರು. ಆ ಕಡೆಯವರು ಏನು ಹೇಳಿದರೋ, "ಸರಿ ಸಾರ್. ಇಬ್ಬರು ಕಾನ್‌ಸ್ಟೇಬಲ್ ಕೊಟ್ಟು ಮದ್ರಾಸಿಗೆ ಕಳಿಸ್ತೀನಿ, ಅಲ್ಲಿಂದ ದೇಶ ಬಿಡಿಸಿ. ಪಟ್ಟಿಗೆ ಹೆಸರನ್ನೂ ಕಳಿಸ್ತೀನಿ" ಅಂದರು. ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

ಅಣ್ಣ ಇನ್ನು ಬರುವ ಹಾಗಿಲ್ಲ. ಮುನಿಲಕ್ಷ್ಮಮ್ಮ ಗೋಡೆ ನೋಡುತ್ತಾ ಕೂತಳು. ಅಳು ಬಂದರೆ ಸಾಕು ಅನ್ನಿಸಿತು, ಬರಲೊಲ್ಲದು. ಅಲ್ಲಿಯೂ ಎಳೆದದ್ದು ತಾನೇ, ಇಲ್ಲಿಯೂ ಎಳೆದದ್ದು ತಾನೇ. ಬಿಟ್ಟುಬಿಟ್ಟಿದ್ದರೆ ಎರಡು ಕಡೆಯೂ ಅವನು ಉಳಿಯುತ್ತಿದ್ದ. ಯಾಕೆ ಬಿಡಲಿಲ್ಲ? ಬಿಡುವುದು ಹೇಗೆ ಅಂತ ಐದನೆಯ ವಯಸ್ಸಿನಲ್ಲೇ ಕಲಿತಿದ್ದರೆ ಆಗುತ್ತಿತ್ತೋ ಏನೋ.

ಅಣ್ಣಯ್ಯಪ್ಪ ಬಂದು ಪಕ್ಕದಲ್ಲಿ ಕೂತ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಯಗ್ರೀವ ರಿಜಿಸ್ಟರು ತೆರೆದರು. ತಲೆಯೆತ್ತದೆ ಒಂದೊಂದೇ ಕೇಳಿದರು. ಹೆಸರು. ತಂದೆಯ ಹೆಸರು. ಯಾವ ದೇಶದ ಪ್ರಜೆ. ಎಲ್ಲಿ ತಂಗಿದ್ದು. ಲಾಡ್ಜು ಅನ್ನುವ ಮಾತಿಗೆ ಈಗ ಅರ್ಥವಿರಲಿಲ್ಲ. ಅಣ್ಣಯ್ಯಪ್ಪ ಊರಿನ ಹೆಸರು ಹೇಳಿದ. ಅಳಿಯನ ಹೆಸರು ಬರೆಯಬೇಡಿ ಸಾರ್, ಮನೆ ತಂಗಿಯದು ಅಂತ ಬರೆಯಿರಿ, ಅಂತ ಬೇಡಿಕೊಂಡ. ಹಯಗ್ರೀವ ಹಾಗೇ ಬರೆದರು.

"ಅಮ್ಮಾ, ನಿಮ್ಮ ಹೆಸರು?"

ಹೇಳಿದಳು.

"ಇವರಿಗೆ ನೀವು ಏನಾಗಬೇಕು?"

ಅವಳು ಬಾಯಿ ತೆರೆದಳು. ಇಡೀ ಕಚೇರಿ ನಡುಗುವ ಹಾಗೆ ಕೂಗಿದ ಮಾತು ಅದು. ಈಗ ನಾಲಿಗೆಯ ಮೇಲೆ ಬರಲಿಲ್ಲ. ಅಣ್ಣನ ಕಡೆ ನೋಡಿದಳು. ನೀನೇ ಹೇಳಿದೆಯಲ್ಲ, ಯಾರೂ ಅಲ್ಲ ಅಂತ, ಅದನ್ನೇ ಹೇಳು, ಈಗಲಾದರೂ ಅದನ್ನೇ ಹೇಳು, ಅಂತ ಕಣ್ಣಲ್ಲೇ ಅಂಗಲಾಚಿದಳು.

"ತಂಗಿ, ಸಾರ್" ಅಂದ ಅಣ್ಣಯ್ಯಪ್ಪ. "ಒಡಹುಟ್ಟಿದ ತಂಗಿ. ಬರ್ಕಳಿ."

ಹಯಗ್ರೀವ ಬರೆದರು. ಅವರಿಬ್ಬರೂ ಅಣ್ಣ ತಂಗಿ ಅಂತ ಯಾವ ಸರ್ಕಾರವಾದರೂ ಬರೆದುಕೊಂಡದ್ದು ಅದೇ ಮೊದಲು. ಶಾಯಿಯ ಪ್ಯಾಡನ್ನು ಅವಳ ಮುಂದಕ್ಕೆ ತಳ್ಳಿದರು. ಅವಳು ಎರಡು ಕೈಯನ್ನೂ ಕಂಕುಳಲ್ಲಿ ಅಮುಕಿಕೊಂಡು ಅಲ್ಲಾಡದೆ ಕೂತಳು. ಅಣ್ಣಯ್ಯಪ್ಪ ಮೆಲ್ಲಗೆ ಅವಳ ಬಲಗೈ ಬಿಡಿಸಿ, ಹೆಬ್ಬೆಟ್ಟನ್ನು ಶಾಯಿಗೆ ಮುಟ್ಟಿಸಿ, ಕಾಗದದ ಮೇಲೆ ಒತ್ತಿಸಿದ.